ಕಬ್ಬಿನ ಗದ್ದೆಯಿಂದ ವಿಂಚೆಸ್ಟರ್ ಪಬ್ಬಿನವರೆಗೆ

ಉತ್ತರ ಲಂಡನ್ನಿನ ಒಂದು ಸಾಧಾರಣ ಬೀದಿ. ಇಪ್ಪತ್ತೊಂಬತ್ತು ವರ್ಷದ ಶಾನ್ ನಿದ್ದೆಗಣ್ಣಿನಲ್ಲೇ ಮನೆಯಿಂದ ಹೊರಬೀಳುತ್ತಾನೆ. ರಸ್ತೆ ದಾಟುವಾಗ ಎಡವುತ್ತಾನೆ. ಮೂಲೆಯಂಗಡಿಗೆ ಹೋಗಿ ಫ್ರಿಜ್ಜಿನಿಂದ ತಂಪು ಪಾನೀಯ ತೆಗೆದುಕೊಳ್ಳುತ್ತಾನೆ, ಚಿಲ್ಲರೆ ಕೇಳುವ ಭಿಕ್ಷುಕನನ್ನು ದಾಟಿಕೊಂಡು ಮನೆಗೆ ಮರಳುತ್ತಾನೆ. ಮುಂದೊಂದು ಬೆಳಗ್ಗೆ ಮತ್ತೆ ಅದೇ ದಾರಿ, ಅದೇ ಎಡವು, ಅದೇ ಅಂಗಡಿ. ಈ ಸಲ ಫ್ರಿಜ್ಜಿನ ಗಾಜಿನ ಮೇಲೆ ರಕ್ತದ ಕೈಗುರುತುಗಳಿವೆ. ನೆಲದ ಮೇಲಿನ ರಕ್ತಕ್ಕೆ ಅವನ ಕಾಲು ಜಾರುತ್ತದೆ. ಬೀದಿಯಲ್ಲಿ ಹೆಣಗಳು ಎದ್ದು ಕಾಲೆಳೆದುಕೊಂಡು ತಿರುಗುತ್ತಿವೆ. ಅವುಗಳಲ್ಲೊಂದು ಹತ್ತಿರ ಬಂದರೆ, ದುಡ್ಡು ಕೇಳುತ್ತಿದೆ ಅಂದುಕೊಂಡ ಶಾನ್ ತನ್ನಲ್ಲಿ ಚಿಲ್ಲರೆ ಇಲ್ಲವೆಂದು ಹೇಳಿ ಮುಂದೆ ಹೋಗುತ್ತಾನೆ. ಊರಿಗೆ ಊರೇ ಸತ್ತು ಎದ್ದಿದೆ, ಅವನಿಗೆ ಗೊತ್ತೇ ಆಗಿಲ್ಲ.

ಇದು ‘ಶಾನ್ ಆಫ್ ದಿ ಡೆಡ್’. 2004ರ ಏಪ್ರಿಲ್ 9ರಂದು ಬ್ರಿಟನ್ನಿನಲ್ಲಿ ತೆರೆಕಂಡ ಈ ಚಿತ್ರವನ್ನು ನಿರ್ದೇಶಿಸಿದವನು ಎಡ್ಗರ್ ರೈಟ್. ಅವನೊಂದಿಗೆ ಕೂತು ಚಿತ್ರಕಥೆ ಬರೆದವನು, ಶಾನ್ ಆಗಿ ನಟಿಸಿದವನೂ, ಸೈಮನ್ ಪೆಗ್. ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೆ ಎಂಬ ಲೆಕ್ಕ ಇಟ್ಟಿಲ್ಲ. ಆದರೆ ಆ ಅಂಗಡಿಯ ದೃಶ್ಯ ಬಂದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ: ಹೆಣಗಳ ನಡುವೆ ನಡೆದೂ ವ್ಯತ್ಯಾಸ ತಿಳಿಯದಂಥ ಬದುಕನ್ನು ಕಂಡು ನಾವು ಇಷ್ಟು ಹಗುರಾಗಿ ನಗುತ್ತೇವಲ್ಲ, ಈ ನಗುವಿಗೆ ಬೇಕಾದ ಹೆಣ ಎಲ್ಲಿಂದ ಬಂತು? ಜಾಂಬಿ ಲಂಡನ್ನಿನಲ್ಲಿ ಹುಟ್ಟಿದ್ದಲ್ಲ. ಅದು ಹುಟ್ಟಿದ ಜಾಗದಲ್ಲಿ ನಗುವುದಕ್ಕೆ ಏನೂ ಇರಲಿಲ್ಲ.

ಕನ್ನಡದಲ್ಲಿ ‘ಜೀವಚ್ಛವ’ ಎಂಬ ಮಾತಿದೆ. ಹೊಡೆತ ತಿಂದು ತಿಂದು, ದುಡಿದು ದುಡಿದು, ಇನ್ನೇನೂ ಉಳಿದಿಲ್ಲದ ಮನುಷ್ಯನಿಗೆ ನಾವು ಹಾಗೆನ್ನುತ್ತೇವೆ. ಜಾಂಬಿಗೆ ಇದಕ್ಕಿಂತ ಹತ್ತಿರದ ಶಬ್ದ ನಮ್ಮಲ್ಲಿಲ್ಲ. ದೆವ್ವ, ಪಿಶಾಚಿ ಅಂದರೆ ಬೇರೆಯೇ ಜಾತಿ. ನಮ್ಮ ದೆವ್ವಕ್ಕೆ ಹೆಸರಿರುತ್ತದೆ, ತೀರದ ಆಸೆಯಿರುತ್ತದೆ, ಯಾರ ಮೇಲೋ ಹಗೆ ಇರುತ್ತದೆ. ಬೇತಾಳ ಹೆಣದೊಳಗೆ ಸೇರಿಕೊಂಡರೂ ಸುಮ್ಮನಿರುವುದಿಲ್ಲ, ವಿಕ್ರಮನ ಹೆಗಲ ಮೇಲೆ ಕೂತು ಕಥೆ ಹೇಳುತ್ತದೆ, ಮೇಲೆ ಪ್ರಶ್ನೆ ಬೇರೆ ಕೇಳುತ್ತದೆ. ಜಾಂಬಿಗೆ ಇದಾವುದೂ ಇಲ್ಲ. ಹೆಸರು, ನೆನಪು, ಮಾತು, ಹಗೆ ಎಲ್ಲವನ್ನೂ ಕಿತ್ತುಕೊಂಡ ಮೇಲೆ ಉಳಿಯುವ ಕೈಕಾಲು ಅದು. ಕೈಕಾಲಷ್ಟೇ ಯಾರಿಗೆ ಬೇಕಿತ್ತು ಎಂದು ಕೇಳಿದರೆ ಚರಿತ್ರೆ ನೇರವಾಗಿ ಕೆರಿಬಿಯನ್ ಸಮುದ್ರಕ್ಕೆ ಕರೆದೊಯ್ಯುತ್ತದೆ.

ಇವತ್ತಿನ ಹೈಟಿ ಹದಿನೆಂಟನೆಯ ಶತಮಾನದಲ್ಲಿ ಸಾಂ ದೊಮಿಂಗ್ ಎಂಬ ಹೆಸರಿನ ಫ್ರೆಂಚ್ ವಸಾಹತು. 1789ರ ಹೊತ್ತಿಗೆ ಅಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಹೆಚ್ಚಿನವರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಸಿ ತಂದವರು. ಯುರೋಪು ತಿನ್ನುತ್ತಿದ್ದ ಸಕ್ಕರೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಈ ಒಂದೇ ಜಾಗದಿಂದ ಬರುತ್ತಿತ್ತು. ಕಬ್ಬಿನ ಕೆಲಸ ಎಂಥದ್ದೆಂದು ನಮಗೆ ಹೇಳಿಕೊಡಬೇಕಿಲ್ಲ. ಕಡಿದ ಕಬ್ಬು ಕಾಯುವುದಿಲ್ಲ, ಬೇಗ ಅರೆಯದಿದ್ದರೆ ರಸ ಕೆಡುತ್ತದೆ. ಹಾಗಾಗಿ ಕಟಾವಿನ ಕಾಲದಲ್ಲಿ ಅಲ್ಲಿನ ಗಾಣಗಳು ರಾತ್ರಿಯೆಲ್ಲ ತಿರುಗುತ್ತಿದ್ದವು. ನಿದ್ದೆಗೆಟ್ಟವರ ಕೈ ಗಾಣಕ್ಕೆ ಸಿಕ್ಕುವುದೂ ಇತ್ತು. ಸತ್ತವರ ಜಾಗಕ್ಕೆ ಹೊಸ ಹಡಗು ಹೊಸಬರನ್ನು ತರುತ್ತಿತ್ತು.

ಈ ಜನಕ್ಕೆ ಒಂದು ನಂಬಿಕೆಯಿತ್ತು. ಸತ್ತ ಮೇಲೆ ಜೀವ ಸಮುದ್ರ ದಾಟಿ ಗಿನಿಗೆ, ಅಂದರೆ ಪೂರ್ವಿಕರ ಆಫ್ರಿಕಾಕ್ಕೆ ಮರಳುತ್ತದೆ ಎಂಬುದು. ಗುಲಾಮನಿಗೆ ಯಾರೂ ತಡೆಯಲಾಗದ ಬಿಡುಗಡೆ ಇದೊಂದೇ. ಜಾಂಬಿ ಎಂಬ ಕಲ್ಪನೆಯ ಭೀಕರತೆ ಈ ನಂಬಿಕೆಯ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ತಿಳಿಯುತ್ತದೆ. ಮಂತ್ರವಾದಿಯೊಬ್ಬ ಹೆಣವನ್ನು ಎಬ್ಬಿಸಿ ಮತ್ತೆ ಗದ್ದೆಗೆ ಇಳಿಸಿದರೆ ಆ ದಾರಿಯೂ ಮುಚ್ಚಿತು. ಹೈಟಿಯವರು ಜಾಂಬಿ ತಮ್ಮನ್ನು ಕಚ್ಚೀತು ಎಂದು ಹೆದರಿದವರಲ್ಲ. ತಾವೇ ಜಾಂಬಿಯಾದೇವು ಎಂದು ಹೆದರಿದವರು. ಸತ್ತರೂ ಕೆಲಸ ಮುಗಿಯದು ಎಂಬ ಹೆದರಿಕೆ ಅದು.

1791ರಲ್ಲಿ ಅಲ್ಲಿನ ಗುಲಾಮರು ದಂಗೆಯೆದ್ದರು. ಆ ಸಂದರ್ಭ ನೋಡಿಕೊಂಡು ಬ್ರಿಟನ್ 1793ರಲ್ಲಿ ಸೈನ್ಯ ಕಳಿಸಿತು. ಗುಲಾಮಗಿರಿಯನ್ನು ಉಳಿಸಿಕೊಂಡು ವಸಾಹತನ್ನು ತಾನು ಕಬಳಿಸುವ ಉದ್ದೇಶ. ಐದು ವರ್ಷ ಕಾದಾಡಿ, ಸಾವಿರಾರು ಸೈನಿಕರನ್ನು ಹೆಚ್ಚಾಗಿ ಜ್ವರಕ್ಕೇ ಬಲಿಕೊಟ್ಟು 1798ರಲ್ಲಿ ವಾಪಸಾಯಿತು. ಕೊನೆಗೆ 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಸ್ವಾತಂತ್ರ್ಯಕ್ಕೂ ಬೆಲೆ ಕಟ್ಟಲಾಯಿತು. ತನ್ನ ತೋಟ ಮತ್ತು ಗುಲಾಮರ ನಷ್ಟ ತುಂಬಿಕೊಡಬೇಕೆಂದು ಫ್ರಾನ್ಸ್ 1825ರಲ್ಲಿ ಯುದ್ಧನೌಕೆಗಳನ್ನು ನಿಲ್ಲಿಸಿ 15 ಕೋಟಿ ಫ್ರಾಂಕು ಕೇಳಿತು. ಮುಂದೆ 9 ಕೋಟಿಗೆ ಇಳಿಸಿತು. ತಮ್ಮನ್ನು ತಾವೇ ಕೊಂಡುಕೊಳ್ಳಲು ಹೈಟಿಯವರು ತಲೆಮಾರುಗಟ್ಟಲೆ ಸಾಲ ತೀರಿಸಿದರು.

ಇಲ್ಲಿಂದ ಜಾಂಬಿ ಹೊರಜಗತ್ತಿಗೆ ಬಂದದ್ದು ಅಮೆರಿಕನ್ನರ ಮೂಲಕ. 1915ರಿಂದ 1934ರವರೆಗೆ ಹೈಟಿ ಅಮೆರಿಕದ ಸೈನ್ಯದ ಹಿಡಿತದಲ್ಲಿತ್ತು. ರಸ್ತೆ ಕಟ್ಟಲು ರೈತರನ್ನು ಹಿಡಿದು ತಂದು ಬಿಟ್ಟಿ ದುಡಿಸುವ ಹಳೆಯ ಕಾನೂನಿಗೆ ಸೈನ್ಯ ಮತ್ತೆ ಜೀವ ಕೊಟ್ಟಿತು. ಅದರ ವಿರುದ್ಧ ಎದ್ದ ಶಾರ್ಲಮಾನ್ ಪೆರಾಲ್ಟ್ ಎಂಬ ನಾಯಕನನ್ನು 1919ರಲ್ಲಿ ಕೊಂದರು. ಈ ವರ್ಷಗಳಲ್ಲಿ ಹೈಟಿಗೆ ಹೋಗಿಬಂದ ವಿಲಿಯಂ ಸೀಬ್ರೂಕ್ ಎಂಬ ಪ್ರವಾಸಿ 1929ರಲ್ಲಿ ‘ದಿ ಮ್ಯಾಜಿಕ್ ಐಲೆಂಡ್’ ಎಂಬ ಪುಸ್ತಕ ಬರೆದ. ಸೀಬ್ರೂಕ್ ರೋಚಕತೆಯ ಹಿಂದೆ ಬಿದ್ದವನು, ಅವನ ಮಾತನ್ನು ಒಂದಿಷ್ಟು ಉದುರಿಸಿಯೇ ತೆಗೆದುಕೊಳ್ಳಬೇಕು. ಆದರೆ ಅಲ್ಲಿನ ರೈತನೊಬ್ಬನಿಂದ ಕೇಳಿದ್ದೆಂದು ಅವನು ಹೇಳುವ ಒಂದು ಕಥೆಯನ್ನು ಮರೆಯಲಾಗುವುದಿಲ್ಲ.

ಒಂದು ವರ್ಷ ಕಬ್ಬು ಭರ್ಜರಿಯಾಗಿ ಬೆಳೆದಿತ್ತು. ಹೈಟಿಯನ್-ಅಮೆರಿಕನ್ ಶುಗರ್ ಕಂಪನಿಗೆ, ಜನರ ಬಾಯಲ್ಲಿ ಹಾಸ್ಕೊಗೆ, ಕೂಲಿಯಾಳುಗಳು ಸಾಲದೆ ಬಂದರು. ಹೊಸ ಆಳುಗಳಿಗೆ ಹೆಚ್ಚಿನ ದುಡ್ಡು ಎಂದು ಸಾರಿದರು. ಆಗ ಜೋಸೆಫ್ ಎಂಬವನೊಬ್ಬ ಮಂಕು ಕಣ್ಣಿನ, ಹರಕು ಬಟ್ಟೆಯ, ಕೂಗಿದರೆ ಓಗೊಡದ ಒಂದು ಗುಂಪನ್ನು ಕರೆದುಕೊಂಡು ಬಂದ. ದೂರದ ಬೆಟ್ಟದವರು, ಇಲ್ಲಿಯ ಮಾತು ಬಾರದು ಎಂದ. ಕಂಪನಿಯವರು ಹೆಸರು ಬರೆದುಕೊಂಡರು. ಅವು ದಿನವಿಡೀ ಬಿಸಿಲಲ್ಲಿ ತಲೆಯೆತ್ತದೆ ದುಡಿದವು. ವಾರಕ್ಕೊಮ್ಮೆ ಕೂಲಿ ಎಣಿಸಿಕೊಂಡವನು ಜೋಸೆಫ್. ಅವುಗಳಿಗೆ ಉಪ್ಪಿಲ್ಲದ ಸಪ್ಪೆ ಗಂಜಿ. ಜಾಂಬಿಗೆ ಉಪ್ಪು ತಗುಲಬಾರದು, ಅದು ನಿಯಮ. ಒಂದು ಹಬ್ಬದ ದಿನ ಜೋಸೆಫನ ಹೆಂಡತಿಗೆ ಅವುಗಳನ್ನು ಕಂಡು ಅಯ್ಯೋ ಅನ್ನಿಸಿತು. ಸಂತೆಯಲ್ಲಿ ಮಾರುತ್ತಿದ್ದ ಒಂದು ಸಿಹಿ ಕೊಂಡು ಕೊಟ್ಟಳು. ಕಂದು ಸಕ್ಕರೆಯಲ್ಲಿ ಬೀಜ ಹಾಕಿ ಮಾಡಿದ ಬಿಲ್ಲೆ, ನಮ್ಮ ಚಿಕ್ಕಿಯಂಥದ್ದು. ಸಿಹಿಯಲ್ಲಿ ಉಪ್ಪೆಲ್ಲಿಂದ ಬರಬೇಕು? ಆದರೆ ಆ ಬೀಜಗಳಿಗೆ ಮೊದಲೇ ಉಪ್ಪು ಹಾಕಿದ್ದರು. ನಾಲಗೆಗೆ ಉಪ್ಪು ಮುಟ್ಟಿದ ಕೂಡಲೇ ಅವುಗಳಿಗೆ ತಾವು ಸತ್ತಿದ್ದೇವೆಂದು ನೆನಪಾಯಿತು. ಗೋಳಿಡುತ್ತ ಎದ್ದವು, ತಮ್ಮ ಹಳ್ಳಿಯ ದಾರಿ ಹಿಡಿದು ನಡೆದವು. ಸ್ಮಶಾನ ಮುಟ್ಟಿದವು ತಂತಮ್ಮ ಗೋರಿಯ ಮಣ್ಣು ಕೆರೆದು ಅಲ್ಲೇ ಬಿದ್ದು ಕೊಳೆತ ಹೆಣಗಳಾದವು.

ನಮ್ಮ ಕಡೆ ಉಪ್ಪಿಗೆ ಇದಕ್ಕೆ ತದ್ವಿರುದ್ಧವಾದ ಕೆಲಸವಿದೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವೆ. ಉಂಡ ಉಪ್ಪು ಆಳನ್ನು ಒಡೆಯನಿಗೆ ಕಟ್ಟಿಹಾಕುತ್ತದೆ. ಹೈಟಿಯ ಕಥೆಯಲ್ಲಿ ಅದೇ ಉಪ್ಪು ಕಟ್ಟು ಬಿಡಿಸುತ್ತದೆ. ಇನ್ನೊಂದನ್ನೂ ಗಮನಿಸಬೇಕು: ಕಥೆಯಲ್ಲಿ ಕಂಪನಿಯ ಹೆಸರಿದೆ, ಕೂಲಿಯ ಲೆಕ್ಕವಿದೆ, ದುಡಿದವರ ದುಡ್ಡನ್ನು ಯಾರು ಜೇಬಿಗಿಳಿಸಿದರೆಂಬ ವಿವರವಿದೆ. ದೆವ್ವದ ಕಥೆಯಲ್ಲಿ ಇಷ್ಟು ಲೆಕ್ಕಪತ್ರ ನಾನು ಬೇರೆಲ್ಲೂ ಕಂಡಿಲ್ಲ.

ಸೀಬ್ರೂಕನ ಪುಸ್ತಕ ಬಂದ ಮೂರೇ ವರ್ಷಕ್ಕೆ, 1932ರಲ್ಲಿ, ‘ವೈಟ್ ಜಾಂಬಿ’ ಬಂತು. ಡ್ರಾಕುಲಾ ಆಗಿ ಆಗಷ್ಟೇ ಹೆಸರು ಮಾಡಿದ್ದ ಬೇಲಾ ಲುಗೋಸಿ ಅದರಲ್ಲಿ ಹೈಟಿಯ ಸಕ್ಕರೆ ಗಿರಣಿಯೊಂದರ ಮಾಲೀಕ. ಗಿರಣಿಯ ಒಂದು ದೃಶ್ಯಕ್ಕಾಗಿ ಈಗಲೂ ಆ ಚಿತ್ರ ನೋಡಬಹುದು. ಜಾಂಬಿಗಳು ಗಾಣದೆತ್ತಿನ ಹಾಗೆ ಸುತ್ತುತ್ತಿವೆ. ಹೊರೆ ಹೊತ್ತು ಬಂದ ಒಂದು ಆಯತಪ್ಪಿ ಯಂತ್ರದೊಳಗೆ ಬೀಳುತ್ತದೆ. ಕಿರುಚಾಟವಿಲ್ಲ, ಗಾಣ ನಿಲ್ಲುವುದಿಲ್ಲ, ಪಕ್ಕದವು ತಿರುಗಿಯೂ ನೋಡುವುದಿಲ್ಲ. ಇವು ಹೊತ್ತು ಮೀರಿ ದುಡಿಸಿದರೂ ತಕರಾರು ಮಾಡುವುದಿಲ್ಲ ಎಂದು ಲುಗೋಸಿಯ ಪಾತ್ರ ಹೊಗಳುತ್ತದೆ. ಅಮೆರಿಕದಲ್ಲಿ ಆಗ ಮಹಾ ಆರ್ಥಿಕ ಕುಸಿತದ ಕಾಲ. ಆ ಮಾತು ಕೇಳಿದ ಪ್ರೇಕ್ಷಕರಲ್ಲಿ ಎಷ್ಟೋ ಜನಕ್ಕೆ ಕೆಲಸವೇ ಇರಲಿಲ್ಲ.

ಬ್ರಿಟಿಷರಿಗೂ ಈ ನಂಟು ಗೊತ್ತಿತ್ತು. ಹ್ಯಾಮರ್ ಕಂಪನಿ 1966ರಲ್ಲಿ ತೆಗೆದ ‘ದಿ ಪ್ಲೇಗ್ ಆಫ್ ದಿ ಜಾಂಬೀಸ್’ ಚಿತ್ರದಲ್ಲಿ ಕಾರ್ನ್‌ವಾಲಿನ ಜಮೀನ್ದಾರನೊಬ್ಬ ಹೈಟಿಯಲ್ಲಿ ಕಲಿತ ಮಾಟದಿಂದ ತನ್ನ ಹಳ್ಳಿಯವರನ್ನೇ ಕೊಂದು, ಎಬ್ಬಿಸಿ, ತವರದ ಗಣಿಯಲ್ಲಿ ದುಡಿಸುತ್ತಾನೆ. ಕಥೆ ಕೆರಿಬಿಯನ್ನಿನಿಂದ ಇಂಗ್ಲಿಷ್ ಹಳ್ಳಿಗೆ ಬಂದರೂ ಒಡೆಯ, ಆಳು, ಲಾಭ ಮೂರೂ ಜಾಗದಲ್ಲೇ ಇವೆ.

ಎರಡೇ ವರ್ಷದಲ್ಲಿ ಎಲ್ಲ ಬದಲಾಯಿತು. ಪಿಟ್ಸ್‌ಬರ್ಗಿನ ಜಾರ್ಜ್ ರೊಮೆರೊ 1968ರಲ್ಲಿ ಸುಮಾರು 1,14,000 ಡಾಲರಿನಲ್ಲಿ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತೆಗೆದ. ಚಿತ್ರದಲ್ಲಿ ಜಾಂಬಿ ಎಂಬ ಶಬ್ದವೇ ಬರುವುದಿಲ್ಲ, ಆ ಹೆಸರು ಆಮೇಲೆ ಅಂಟಿಕೊಂಡಿತು. ಇಲ್ಲಿ ಮಂತ್ರವಾದಿ ಇಲ್ಲ, ಗದ್ದೆ ಇಲ್ಲ, ಕೂಲಿ ಇಲ್ಲ. ಸತ್ತವರು ಎದ್ದು ಬದುಕಿದವರನ್ನು ತಿನ್ನುತ್ತಾರೆ, ಅಷ್ಟೆ. ಹತ್ತು ವರ್ಷದ ನಂತರ ‘ಡಾನ್ ಆಫ್ ದಿ ಡೆಡ್’ ಚಿತ್ರದಲ್ಲಿ ಅವರು ಪಿಟ್ಸ್‌ಬರ್ಗ್ ಬಳಿಯ ಮನ್ರೋವಿಲ್ ಮಾಲ್‌ಗೆ ಬಂದು ಸೇರಿದರು, ಹಿಂದೆ ಬರುತ್ತಿದ್ದ ಅಭ್ಯಾಸಬಲದಿಂದ. ರೊಮೆರೊ ದೊಡ್ಡ ನಿರ್ದೇಶಕ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದುಡಿಯುವ ಜಾಂಬಿ ತಿನ್ನುವ ಜಾಂಬಿಯಾದಾಗ ಒಂದು ಸಂಗತಿ ಸದ್ದಿಲ್ಲದೆ ಕಳೆದುಹೋಯಿತು. ಒಡೆಯ ಮಾಯವಾದ. ಹೈಟಿಯಲ್ಲಿ ಜಾಂಬಿ ಕಂಡರೆ ಇದನ್ನು ಯಾರು ಹೀಗೆ ಮಾಡಿದರು ಎಂದು ಕೇಳಬಹುದಿತ್ತು. 1968ರ ನಂತರ ಆ ಪ್ರಶ್ನೆಗೆ ಉತ್ತರ ವೈರಸ್ಸು, ಇಲ್ಲವೇ ಬಾಹ್ಯಾಕಾಶದಿಂದ ಬಂದ ವಿಕಿರಣ.

ಶಾನ್ ಹುಟ್ಟಿದ್ದು ಈ ಒಡೆಯನಿಲ್ಲದ ಜಗತ್ತಿನಲ್ಲಿ. ಮೂಲ 1999ರಲ್ಲಿ ಚಾನೆಲ್ 4ರಲ್ಲಿ ಶುರುವಾದ ‘ಸ್ಪೇಸ್ಡ್’ ಎಂಬ ಧಾರಾವಾಹಿ. ಪೆಗ್ ಮತ್ತು ಜೆಸಿಕಾ ಸ್ಟೀವನ್‌ಸನ್ ಬರೆದದ್ದು, ರೈಟ್ ನಿರ್ದೇಶಿಸಿದ್ದು. ಅದರ ಒಂದು ಕಂತಿನಲ್ಲಿ ನಾಯಕ ಅಗ್ಗದ ಮಾದಕ ಪುಡಿಯ ನಶೆಯಲ್ಲಿ ‘ರೆಸಿಡೆಂಟ್ ಈವಿಲ್ 2’ ಎಂಬ ವಿಡಿಯೊ ಗೇಮ್ ಆಡಿ ಆಡಿ, ಎಲ್ಲೆಲ್ಲೂ ಜಾಂಬಿಗಳನ್ನು ಕಾಣತೊಡಗುತ್ತಾನೆ. ಆ ದೃಶ್ಯ ಚಿತ್ರೀಕರಿಸುವಾಗಿನ ಖುಷಿಯೇ ಮುಂದೆ ಸಿನಿಮಾ ಆಯಿತು. ಅದಕ್ಕೆ ಮೊದಲಿಟ್ಟ ಹೆಸರು ‘ಟೀ-ಟೈಮ್ ಆಫ್ ದಿ ಡೆಡ್’. ಖರ್ಚು ಸುಮಾರು 40 ಲಕ್ಷ ಪೌಂಡು. ಜಾಂಬಿಗಳಾಗಿ ನಡೆಯಲು ಧಾರಾವಾಹಿಯ ಅಭಿಮಾನಿಗಳನ್ನು ಕರೆದರೆ ಹಿಂಡು ಹಿಂಡಾಗಿ ಬಂದರಂತೆ.

ಶಾನ್‌ಗೆ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲಸ. ಅಂಗಡಿಯ ಹೆಸರು ಫೋರೀ ಎಲೆಕ್ಟ್ರಿಕ್, ರೊಮೆರೊನ ನಟ ಕೆನ್ ಫೋರೀಗೆ ಸಲ್ಲಿಸಿದ ಗೌರವ. ಕೈಕೆಳಗಿನ ಹುಡುಗರು ಅವನ ಮಾತಿಗೆ ಬೆಲೆ ಕೊಡುವುದಿಲ್ಲ. ಸ್ನೇಹಿತ ಎಡ್ ಕೆಲಸವಿಲ್ಲದೆ ಸೋಫಾದಲ್ಲಿ ಕೂತು ವಿಡಿಯೊ ಗೇಮ್ ಆಡುತ್ತಾನೆ. ಪ್ರತಿ ಸಂಜೆ ಇಬ್ಬರೂ ವಿಂಚೆಸ್ಟರ್ ಎಂಬ ಪಬ್ಬಿಗೆ ಹೋಗುತ್ತಾರೆ. ಲಿಜ್‌ಗೆ ಇವನ ಮೇಲೆ ಪ್ರೀತಿಯಿದೆ, ಆದರೆ ಅದೇ ಪಬ್ಬಿನ ಅದೇ ಮೂಲೆಯಲ್ಲಿ ಮುದುಕಿಯಾಗಲು ಮನಸ್ಸಿಲ್ಲ. ಅವಳು ಬಿಟ್ಟುಹೋಗುತ್ತಾಳೆ. ಆ ರಾತ್ರಿ ದುಃಖ ಮರೆಸಲು ಎಡ್ ಹೇಳುವ ಮಾತೊಂದನ್ನು ಎರಡನೆಯ ಸಲ ನೋಡುವಾಗ ಗಮನಿಸಿ. ನಾಳೆ ಬೆಳಗ್ಗೆಯಿಂದ ಎಲ್ಲೆಲ್ಲಿ ಏನೇನು ಕುಡಿಯೋಣ ಎಂಬ ಅವನ ಪಟ್ಟಿಯಲ್ಲಿ ಇಡೀ ಚಿತ್ರದ ಕಥೆ ಸಾಲಾಗಿ ಅಡಗಿದೆ. ಅಂದರೆ ಈ ಲೋಕದಲ್ಲಿ ಪ್ರಳಯವೂ ಇನ್ನೊಂದು ಕುಡಿತದ ದಿನದ ಹಾಗೇ ನಡೆಯುತ್ತದೆ.

ಶೀರ್ಷಿಕೆಗಳು ಮೂಡುವಾಗಿನ ದೃಶ್ಯಗಳು ಇನ್ನೂ ಹರಿತ. ಬಸ್ ನಿಲ್ದಾಣದಲ್ಲಿ ಒಟ್ಟಿಗೇ ಫೋನ್ ನೋಡುವ ಜನ, ಸೂಪರ್‌ಮಾರ್ಕೆಟ್ಟಿನ ಕೌಂಟರುಗಳಲ್ಲಿ ಒಂದೇ ತಾಳಕ್ಕೆ ಕೈಯಾಡಿಸುವ ನೌಕರರು, ತಳ್ಳುಗಾಡಿಗಳ ಸಾಲನ್ನು ನೂಕುತ್ತ ಹೋಗುವವನು. ಇನ್ನೂ ಯಾರೂ ಸತ್ತಿಲ್ಲ. ಆ ಹೊತ್ತಿನ ಬ್ರಿಟನ್ನಿನಲ್ಲಿ ನಿರುದ್ಯೋಗ ಶೇಕಡಾ 5ರ ಆಸುಪಾಸು, ಕೆಲಸ ಸಿಗುತ್ತಿತ್ತು. ಯಾವ ಕೆಲಸ ಅನ್ನುವುದೇ ಮಾತು. ಗಣಿ, ಗಿರಣಿ ಮುಚ್ಚಿದ ದೇಶದಲ್ಲಿ ತೆರೆದುಕೊಂಡದ್ದು ಅಂಗಡಿಯ ಕೌಂಟರು. ಇರಾಕ್ ಯುದ್ಧ ಬೇಡವೆಂದು 2003ರ ಫೆಬ್ರುವರಿ 15ರಂದು ಲಂಡನ್ನಿನ ಬೀದಿ ತುಂಬ ಲಕ್ಷಾಂತರ ಜನ ನಡೆದಿದ್ದರು, ಆದರೂ ಯುದ್ಧ ನಡೆಯಿತು. ಚಿತ್ರದಲ್ಲಿ ಇದ್ಯಾವುದರ ಪ್ರಸ್ತಾಪವಿಲ್ಲ. ಆದರೆ ಶಾನ್‌ನ ಮನೆಯ ಟೀವಿ ಸದಾ ಏನೋ ಭಯಂಕರ ಸುದ್ದಿ ಹೇಳುತ್ತಿರುತ್ತದೆ, ಅವನು ಚಾನೆಲ್ ಬದಲಿಸುತ್ತಿರುತ್ತಾನೆ. ಸುದ್ದಿ ಓದುವವರು ನಿಜವಾದ ವಾರ್ತಾವಾಚಕರೇ. ಅವರಲ್ಲಿ ಚಾನೆಲ್ 4ರ ಕೃಷ್ಣನ್ ಗುರುಮೂರ್ತಿಯೂ ಇದ್ದಾರೆ, ನಮ್ಮ ಕಿವಿಗೆ ಥಟ್ಟನೆ ನಾಟುವ ಹೆಸರು.

ಈ ಹೆಣಗಳು ಓಡುವುದಿಲ್ಲ, ಅದು ಮುಖ್ಯ. ಡ್ಯಾನಿ ಬಾಯ್ಲ್‌ನ ‘28 ಡೇಸ್ ಲೇಟರ್’ 2002ರಲ್ಲಿ ಓಡುವ ಸೋಂಕಿತರನ್ನು ತಂದಿತ್ತು. ಪೆಗ್ ಅದನ್ನೊಪ್ಪದೆ 2008ರಲ್ಲಿ ಗಾರ್ಡಿಯನ್ ಪತ್ರಿಕೆಯಲ್ಲಿ ಒಂದು ಲೇಖನವನ್ನೇ ಬರೆದ: ಸಾವು ಅಶಕ್ತಿ, ಅದೇನೂ ವಿಶೇಷ ಬಲವಲ್ಲ ಎಂಬುದು ಅವನ ವಾದ. ನಿಧಾನದಿಂದಲೇ ಇಲ್ಲಿ ಹಾಸ್ಯ ಹುಟ್ಟುತ್ತದೆ. ಹಿತ್ತಲಿಗೆ ಬಂದ ಎರಡು ಜಾಂಬಿಗಳ ಮೇಲೆ ಗ್ರಾಮಫೋನ್ ತಟ್ಟೆ ಎಸೆಯಲು ಹೊರಟ ಗೆಳೆಯರಿಗೆ ಯಾವುದನ್ನು ಎಸೆಯಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಚರ್ಚಿಸುವಷ್ಟು ಪುರುಸೊತ್ತಿದೆ. ಪ್ರಿನ್ಸ್‌ನ ‘ಬ್ಯಾಟ್‌ಮನ್’ ಆಲ್ಬಮ್ಮಿಗೆ ಕನಿಕರ ತೋರುವುದಿಲ್ಲ.

ಮಗನನ್ನು ಕಂಡ ಶಾನ್‌ನ ತಾಯಿ ಬಾರ್ಬರಾ, ಅಂಥ ಹೊತ್ತಿನಲ್ಲೂ ಚಹಾ ಮಾಡಲು ನಿಲ್ಲುತ್ತಾಳೆ. ಎರಡು ಚಮಚ ಸಕ್ಕರೆಯೇ ಎಂದರೆ, ಸಕ್ಕರೆ ಬಿಟ್ಟು ವರ್ಷಗಳೇ ಆದವೆಂದು ಅವನು ಸಿಡುಕುತ್ತಾನೆ. ತಾಯಿ-ಮಗ ಒಬ್ಬರನ್ನೊಬ್ಬರು ನೋಡಿ ಎಷ್ಟು ಕಾಲವಾಯಿತೆಂದು ತಿಳಿಸಲು ಬಂದ ಸಣ್ಣ ಮಾತು. ನಾನು ಮಾತ್ರ ಅಲ್ಲಿ ನಿಂತುಬಿಡುತ್ತೇನೆ. ಇಂಗ್ಲಿಷರ ಚಹಾದ ಬಟ್ಟಲಿಗೆ ಸಕ್ಕರೆ ಬಂದದ್ದು ಜಮೈಕಾ, ಬಾರ್ಬಡೋಸ್‌ಗಳ ಗುಲಾಮರ ಕೈಯಿಂದ. ಬರೆದವರ ಮನಸ್ಸಿನಲ್ಲಿ ಇದು ಇತ್ತೆಂದು ನಾನು ಹೇಳುತ್ತಿಲ್ಲ. ಚರಿತ್ರೆ ಹೀಗೆ ಬರೆದವರನ್ನು ಕೇಳದೆಯೂ ಬಂದು ಕೂರುತ್ತದೆ.

ಚಿತ್ರ ಬರಿಯ ಚೇಷ್ಟೆಯಾಗಿ ಉಳಿಯದಿರುವುದಕ್ಕೆ ಕಾರಣ ಈ ಬಾರ್ಬರಾ, ಮತ್ತು ಶಾನ್‌ನ ಮಲತಂದೆ ಫಿಲಿಪ್. ಬಿಲ್ ನೈ ಮಾಡಿದ ಫಿಲಿಪ್‌ಗೆ ತನ್ನ ಜಾಗ್ವಾರ್ ಕಾರಿನ ಮೇಲೆ ಜೀವ, ಗದ್ದಲದ ಸಂಗೀತ ಕಂಡರಾಗದು. ಕಚ್ಚಿಸಿಕೊಂಡು ಸಾಯುವ ಮುನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಲಮಗನಿಗೆ ತನ್ನ ಪ್ರೀತಿಯನ್ನು ಒಣ ಗಂಟಲಲ್ಲಿ ಹೇಳಿಕೊಳ್ಳುತ್ತಾನೆ. ಸಾಯುತ್ತಾನೆ. ಎದ್ದ ಹೆಣದ ಜೊತೆ ಕಾರಿನಲ್ಲಿ ಉಳಿಯಲಾಗದೆ ಎಲ್ಲರೂ ಇಳಿದು ಓಡುತ್ತಾರೆ. ಕಾರಿನಲ್ಲಿ ಸಂಗೀತ ಅಬ್ಬರಿಸುತ್ತಿದೆ. ಹೆಣವಾದ ಫಿಲಿಪ್ ನಿಧಾನವಾಗಿ ಮುಂದಕ್ಕೆ ಬಾಗಿ ಅದನ್ನು ಆರಿಸುತ್ತಾನೆ. ಜನ ನಗುತ್ತಾರೆ, ನಾನೂ ನಕ್ಕಿದ್ದೇನೆ. ಆದರೆ ಉಪ್ಪಿನ ರುಚಿಗೆ ಎಚ್ಚೆತ್ತ ಹಾಸ್ಕೊದ ಆಳುಗಳ ಹಾಗೆ, ಒಳಗೆ ಒಬ್ಬ ಇನ್ನೂ ಇದ್ದಾನೆ ಎಂಬುದು ಈ ಇಡೀ ಚಿತ್ರದಲ್ಲಿ ಖಾತ್ರಿಯಾಗಿ ಕಾಣುವುದು ಅಲ್ಲೇ. ಆಮೇಲೆ ವಿಂಚೆಸ್ಟರ್ ಪಬ್ಬಿನಲ್ಲಿ ತಾಯಿಯೂ ಕಚ್ಚಿಸಿಕೊಂಡದ್ದು ತಿಳಿಯುತ್ತದೆ. ಪಬ್ಬಿನ ಗೋಡೆಯ ಮೇಲಿನ ಕೋವಿಯನ್ನು ಮಗನೇ ಎತ್ತಬೇಕಾಗುತ್ತದೆ. ಆ ಐದು ನಿಮಿಷ ಹಾಸ್ಯಚಿತ್ರ ಎಂಬುದನ್ನು ಎಲ್ಲರೂ ಮರೆಯುತ್ತಾರೆ, ಪೆನೆಲೊಪಿ ವಿಲ್ಟನ್ ಎಂಬ ನಟಿಯ ದೆಸೆಯಿಂದ.

ಪಬ್ಬಿಗೆ ಹೋಗಿ ಕೂರುವುದು, ತಣ್ಣಗೆ ಒಂದು ಬಿಯರ್ ಕುಡಿಯುತ್ತ ಎಲ್ಲ ಸರಿಹೋಗುವ ತನಕ ಕಾಯುವುದು. ಇದು ಶಾನ್‌ನ ಯೋಜನೆ. 2020ರ ಮಾರ್ಚ್ 20ರಂದು ಕೊರೊನಾದಿಂದ ಬ್ರಿಟನ್ನಿನ ಪಬ್ಬುಗಳನ್ನೆಲ್ಲ ಮುಚ್ಚಿಸಿದ ದಿನಗಳಲ್ಲಿ, ಪೆಗ್ ಮತ್ತು ಎಡ್ ಆಗಿದ್ದ ನಿಕ್ ಫ್ರಾಸ್ಟ್ ಫೋನಿನಲ್ಲಿ ಮಾತಾಡಿಕೊಳ್ಳುವ ಒಂದು ಪುಟ್ಟ ವಿಡಿಯೊ ಮಾಡಿ, ಆ ಯೋಜನೆ ಈಗ ನಡೆಯದು, ಮನೆಯಲ್ಲೇ ಇರಿ ಎಂದರು. ಚಿತ್ರದಲ್ಲಿ ವಿಂಚೆಸ್ಟರಿನ ಹೊರನೋಟಕ್ಕೆ ಬಳಸಿದ್ದ ನ್ಯೂಕ್ರಾಸಿನ ಡ್ಯೂಕ್ ಆಫ್ ಆಲ್ಬನಿ ಅಷ್ಟರೊಳಗೆ ಪಬ್ಬಾಗಿ ಉಳಿದಿರಲಿಲ್ಲ, ವಾಸದ ಫ್ಲ್ಯಾಟುಗಳಾಗಿತ್ತು.

ನನ್ನ ಮಟ್ಟಿಗೆ ಚಿತ್ರದ ಜೀವ ಇರುವುದು ಕೊನೆಯಲ್ಲಿ. ಸೈನ್ಯ ಬಂದು ಕಾಪಾಡಿ ಆರು ತಿಂಗಳಾಗಿದೆ. ಶಾನ್ ಟೀವಿ ನೋಡುತ್ತಿದ್ದಾನೆ. ಉಳಿದ ಜಾಂಬಿಗಳನ್ನು ಏನು ಮಾಡಿದರು? ಕೆಲಸಕ್ಕೆ ಹಾಕಿದರು. ಸೇವಾವಲಯಕ್ಕೆ ಇವು ಹೇಳಿ ಮಾಡಿಸಿದಂತಿವೆ ಎಂದು ವರದಿ ಹೇಳುತ್ತದೆ. ಸೂಪರ್‌ಮಾರ್ಕೆಟ್ಟಿನಲ್ಲಿ ತಳ್ಳುಗಾಡಿ ನೂಕುತ್ತಿವೆ, ಟೀವಿಯ ಆಟಗಳಲ್ಲಿ ಮಾಂಸದ ಆಸೆಗೆ ಓಡಾಡುತ್ತಿವೆ. ಎಪ್ಪತ್ತು ವರ್ಷ ದೇಶ ಸುತ್ತಿ ಜಾಂಬಿ ತಾನು ಹೊರಟ ಜಾಗಕ್ಕೇ ಮರಳಿದೆ. ಕೂಲಿಯಿಲ್ಲ, ತಕರಾರಿಲ್ಲ, ಮನೆಗೆ ಹೋಗುವ ಹೊತ್ತಿಲ್ಲ. ರೊಮೆರೊ ಕಳೆದುಕೊಂಡಿದ್ದ ಒಡೆಯನನ್ನು ಈ ಹಾಸ್ಯಚಿತ್ರ ಒಂದೆರಡು ನಿಮಿಷದ ತಮಾಷೆಯಲ್ಲಿ ಹುಡುಕಿಕೊಟ್ಟಿದೆ. ಶಾನ್ ಚಾನೆಲ್ ಬದಲಿಸುತ್ತಾನೆ.

ಚಿತ್ರ ಬಿಡುಗಡೆಯಾದ 2004 ಹೈಟಿಯ ಸ್ವಾತಂತ್ರ್ಯಕ್ಕೆ 200 ವರ್ಷ ತುಂಬಿದ ವರ್ಷ. ಫ್ರಾನ್ಸ್ ವಸೂಲಿ ಮಾಡಿದ ಹಣವನ್ನು ಹಿಂದಿರುಗಿಸಬೇಕೆಂದು 2003ರಲ್ಲಿ ಕೇಳಿದ್ದ ಅಧ್ಯಕ್ಷ ಅರಿಸ್ಟೀಡ್ 2004ರ ಫೆಬ್ರುವರಿ 29ರಂದು ದೇಶ ಬಿಡಬೇಕಾಯಿತು, ಅಮೆರಿಕದ ಸೈನಿಕರು ಮತ್ತೆ ಹೈಟಿಗೆ ಇಳಿದರು. ನಲವತ್ತು ದಿನದ ಮೇಲೆ ಲಂಡನ್ನಿನ ಜನ ಶಾನ್‌ನನ್ನು ನೋಡಿ ನಗುತ್ತಿದ್ದರು. ಒಂದಕ್ಕೊಂದು ಸಂಬಂಧವಿಲ್ಲ. ಅದೇ ವರ್ಷ ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಕಂಪನಿ ಟೆಸ್ಕೊ ಬೆಂಗಳೂರಿನಲ್ಲಿ ತನ್ನ ಸೇವಾಕೇಂದ್ರ ತೆರೆಯಿತು. ಆ ಹೊತ್ತಿಗಾಗಲೇ ಬ್ರಿಟಿಷ್ ಗ್ರಾಹಕರ ಕರೆಗಳಿಗೆ ಬೆಂಗಳೂರಿನ ಹುಡುಗ ಹುಡುಗಿಯರು ಅವರ ಗಡಿಯಾರಕ್ಕೆ ತಕ್ಕಂತೆ ಎಚ್ಚರವಿದ್ದು ಉತ್ತರಿಸತೊಡಗಿದ್ದರು. ಈಗ ರಾತ್ರಿಪಾಳಿ ಮುಗಿಸಿದವರು ‘ಜಾಂಬಿ ಥರ ಆಗಿದೀನಿ’ ಅನ್ನುವುದನ್ನು ಕೇಳುತ್ತೇನೆ. ದಣಿವು ನಿಜ, ಮಾತೂ ಸಹಜ. ಆದರೆ ತಿಂಗಳ ಕೊನೆಗೆ ಸಂಬಳ ಅವರ ಖಾತೆಗೇ ಬರುತ್ತದೆ, ಬೇಡವಾದರೆ ರಾಜೀನಾಮೆ ಕೊಡಬಹುದು. ಹೈಟಿಯ ಆ ಶಬ್ದದಲ್ಲಿ ಇವೆರಡೂ ಇರಲಿಲ್ಲ. ಬೇಸರಕ್ಕೂ ಗುಲಾಮಗಿರಿಗೂ ಒಂದೇ ಶಬ್ದ ಬಳಸುತ್ತ ಬಂದರೆ ಎರಡನೆಯದರ ನೆನಪು ಅಳಿಸುತ್ತದೆ, ಶಾನ್‌ನ ಕಥೆ ನಮ್ಮನ್ನು ನಗಿಸುವಾಗ ಮಾಡುವುದೂ ಅರ್ಧ ಇದನ್ನೇ. ಇನ್ನರ್ಧವನ್ನು ಆ ಟೀವಿ ವರದಿ ಸರಿಮಾಡುತ್ತದೆ.

ಲಿಜ್ ಈಗ ಅವನ ಜೊತೆ ವಾಸಿಸುತ್ತಿದ್ದಾಳೆ. ಭಾನುವಾರದ ಅವರ ಯೋಜನೆಯಲ್ಲಿ ಚಹಾ, ಪತ್ರಿಕೆ, ಪಬ್ಬು, ಊಟ, ಟೀವಿ, ನಿದ್ದೆ. ಅಷ್ಟರಲ್ಲಿ ಶಾನ್ ಎದ್ದು ಹಿತ್ತಲಿನ ಶೆಡ್ಡಿಗೆ ಹೋಗುತ್ತಾನೆ. ಹಿಂದೆ ಮನೆಯ ಇನ್ನೊಬ್ಬ ಪಾಲುದಾರ ಪೀಟ್, ಪ್ರಾಣಿಯ ಹಾಗೆ ಬದುಕುವುದಾದರೆ ಶೆಡ್ಡಿನಲ್ಲಿ ಹೋಗಿ ಬದುಕು ಎಂದು ಎಡ್ ಮೇಲೆ ಕೂಗಾಡಿದ್ದ. ಜಾಂಬಿಯಾದ ಎಡ್ ಈಗ ಅಲ್ಲೇ ಇದ್ದಾನೆ, ಎದುರಿಗೆ ಟೀವಿ, ಕೈಯಲ್ಲಿ ಗೇಮ್. ಮೈಗೆ ಸರಪಳಿ. ಅದನ್ನು ಹಾಕಿದವನು ಸೂಪರ್‌ಮಾರ್ಕೆಟ್ಟಿನವನಲ್ಲ, ಅವನನ್ನು ಸಾಯಿಸಲು ಮನಸ್ಸು ಬಾರದ ಗೆಳೆಯ. ಶಾನ್ ಪಕ್ಕದಲ್ಲಿ ಕೂತು ಇನ್ನೊಂದು ಕಂಟ್ರೋಲರ್ ಕೈಗೆತ್ತಿಕೊಳ್ಳುತ್ತಾನೆ. ಎಡ್ ತಿರುಗಿ ಕಚ್ಚಲು ಬಾಯಿ ಹಾಕುತ್ತಾನೆ. ಶಾನ್ ಅವನ ಹೆಸರು ಹಿಡಿದು ಗದರುತ್ತಾನೆ, ಆಟ ಮುಂದುವರಿಯುತ್ತದೆ.